ಬಾವುಟದ ಶೆಡ್ಡಿನಲ್ಲಿ ರಾಷ್ಟ್ರಗೀತೆ

ಅತ್ತಿಗೆಯ ಹೊಲಿಗೆ ಯಂತ್ರದಲ್ಲಿ ಸೂಜಿಗೆ ಬೆರಳು ಸಿಗದಂತೆ ತಡೆಯುವ ಕಂಬಿ ಇರಲಿಲ್ಲ. ಆರು ತಿಂಗಳಿಂದ ಕೇಳಿದರೂ ಮೇಲ್ವಿಚಾರಕ ಹಾಕಿಸಿರಲಿಲ್ಲ. ಅವಳೂ ನಾದಿನಿಯೂ ಅಕ್ಕಪಕ್ಕ ಕೂತು ತ್ರಿವರ್ಣ ಬಾವುಟ ಹೊಲಿಯುತ್ತಿದ್ದರು. ಆ ಶೆಡ್ಡಿನಲ್ಲಿ ದಿನಾ ಬೆಳಿಗ್ಗೆ ಹತ್ತಕ್ಕೆ ಸ್ಪೀಕರಿನಲ್ಲಿ ರಾಷ್ಟ್ರಗೀತೆ ಬರುತ್ತಿತ್ತು. ಕೈಯಲ್ಲಿದ್ದುದನ್ನು ಬಿಟ್ಟು ಎಲ್ಲರೂ ತಕ್ಷಣ ಎದ್ದು ನಿಲ್ಲಬೇಕಿತ್ತು.

ಅಂದು ಗಡಿಬಿಡಿಯಲ್ಲಿ ಏಳುವಾಗ ಅತ್ತಿಗೆಯ ಕಾಲು ಪೆಡಲನ್ನು ಒತ್ತಿಬಿಟ್ಟಿತು. ಸೂಜಿ ತೋರುಬೆರಳಿನ ಉಗುರನ್ನು ಸೀಳಿಕೊಂಡು ಇಳಿದು, ಬೆರಳನ್ನು ಕೇಸರಿ ಪಟ್ಟಿಗೆ ಸೇರಿಸಿ ಹೊಲಿದು ಅಲ್ಲೇ ನಿಂತಿತು. ಅವಳು ಬಗ್ಗಿದಂತೆಯೇ ಉಳಿದಳು.

"ನೆಟ್ಟಗೆ ನಿಲ್ಲಮ್ಮಾ!" ಎಂದು ಮೇಲ್ವಿಚಾರಕ ಹಲ್ಲು ಕಡಿದ.

ನಾದಿನಿ ಅತ್ತ ಸರಿದಳು. ಅವನು ಕಣ್ಣು ಬಿಟ್ಟು ಹೆದರಿಸಿದ. ಅವಳು ಕ್ಯಾರೆ ಅನ್ನದೆ ಯಂತ್ರದ ಚಕ್ರ ತಿರುಗಿಸಿ ಸೂಜಿ ಎತ್ತಿದಳು. ಹಾಡು ಇನ್ನೂ ಮುಗಿದಿರಲಿಲ್ಲ. ಉಳಿದ ನಲವತ್ತು ಜನ ಗೋಡೆ ನೋಡುತ್ತ ಅಲುಗಾಡದೆ ನಿಂತಿದ್ದರು.

ಹಾಡು ಮುಗಿದದ್ದೇ ಅವನು ಹಾರಾಡಿದ. "ಒಂದು ನಿಮಿಷ ತಡ್ಕೊಳ್ಳೋಕೆ ಆಗ್ಲಿಲ್ವಾ? ದೇಶಭಕ್ತಿ ಅನ್ನೋದು ಚೂರಾದ್ರೂ ಇದ್ಯಾ ನಿಮ್ಗೆ? ಬಾವುಟಕ್ಕೆ ರಕ್ತ ಬೇರೆ ಮೆತ್ತಿದೀರ!"

"ಸೂಜಿ ಕೆಳಗೆ ನಿಮ್ಮ ಬೆರಳು ಇಡಿ ಸಾರ್, ನಾನು ಹಾಡ್ತೀನಿ," ಎಂದಳು ನಾದಿನಿ. "ನಂಗೆ ಪೂರ್ತಿ ಬರುತ್ತೆ. ನಿಮಗೆ ಬರುತ್ತಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನ ಮುಖ ಕೆಂಪೇರಿತು.

ಮಧ್ಯಾಹ್ನದೊಳಗೆ ಇಬ್ಬರನ್ನೂ ಗೇಟಿನಾಚೆ ಕಳಿಸಿದರು. ಕೆಲಸದಿಂದ ತೆಗೆದ ಚೀಟಿಯಲ್ಲಿ ಕಾರಣದ ಜಾಗದಲ್ಲಿ 'ರಾಷ್ಟ್ರಗೀತೆಗೆ ಅಗೌರವ' ಎಂದು ಬರೆದಿದ್ದರು. ಕಂಬಿಯ ಮಾತು ಎಲ್ಲೂ ಇರಲಿಲ್ಲ. ಅಂದು ಹೋದದ್ದು ಒಂದು ಉಗುರು, ಎರಡು ಕೆಲಸ, ಒಂದು ಬಾವುಟ.