ವಿಭೂತಿ ಹಚ್ಚಿ ಹಿಡಿದ ಗಾಳಿ

ಈ ಸಂಗತಿಯನ್ನು ನಾನು ಮೊದಲು ಕೇಳಿದ್ದು ನಾರಾಯಣಖೇಡದ ಒಂದು ಚಹಾದಂಗಡಿಯಲ್ಲಿ. ಆಮೇಲೆ ತಾಂಡೂರಿನಲ್ಲಿ, ಬೇರೊಬ್ಬರ ಬಾಯಿಂದ. ಎರಡು ಹೇಳಿಕೆಗಳೂ ಕೆಲವೆಡೆ ಒಂದಕ್ಕೊಂದು ಹೊಂದದ ಕಾರಣ ಜಹೀರಾಬಾದಿಗೆ ಹೋಗಿ, ಕಾರಿನ ಒಡತಿ ಶಿವಗಂಗಾ ಅವರಿಂದಲೇ ಕೇಳಿ ಬರೆದುಕೊಂಡೆ. ಇಲ್ಲಿರುವುದು ಬಹುಪಾಲು ಅವರ ಹೇಳಿಕೆ.

ಶಿವಗಂಗಾ ಶುಂಠಿ ವ್ಯಾಪಾರ ಮಾಡುವವರು. ಕೊಹೀರ್ ಮತ್ತು ನಾರಾಯಣಖೇಡದ ಕಡೆಯ ಹೊಲಗಳಿಗೆ ತಾವೇ ಹೋಗಿ, ಒಂದು ಗಡ್ಡೆ ಮುರಿದು, ನಾರು ನೋಡಿ, ಮೂಸಿ, ಒಪ್ಪಿಗೆಯಾದರೆ ಮೂಟೆಗಳನ್ನು ತಮ್ಮ ಹದಿನಾಲ್ಕು ವರ್ಷದ ಡೀಸೆಲ್ ಕಾರಿಗೆ ಹೇರಿ ತಾಂಡೂರಿಗೆ ಒಯ್ಯುವುದು ಅವರ ಪದ್ಧತಿ. ಆ ಕಾರಿಗೆ ಟರ್ಬೊ ಉಂಟು: ಇಂಜಿನ್ ಬಿಡುವ ಹೊಗೆಯ ಬಲದಿಂದಲೇ ತಿರುಗಿ, ಅದೇ ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ, ಶಂಖದಂಥ ಯಂತ್ರ.

ಹಿಂದಿನ ಶುಂಠಿ ಸುಗ್ಗಿಯ ನಡುವೆ ಕಾರು ಏರಿನಲ್ಲಿ ಸೋಲತೊಡಗಿತು. ಸಪಾಟು ರಸ್ತೆಯಲ್ಲಿ ಚೆನ್ನಾಗಿಯೇ ಓಡುವುದು. ಏರು ಬಂತೆಂದರೆ ಕರಿ ಹೊಗೆ ಉಗುಳಿ, ಸುಸ್ಸೆಂದು ಸದ್ದು ಮಾಡಿ, ಎತ್ತಿನ ಬಂಡಿಯ ನಡಿಗೆಗೆ ಇಳಿಯುವುದು. ನಾರಾಯಣಖೇಡದ ಗಾಡಿ ಮೇಸ್ತ್ರಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬದಲಿಸಿದ, ಗುಣವಾಗಲಿಲ್ಲ. ತಾಂಡೂರಿನವನು ಟರ್ಬೊ ಸತ್ತಿದೆ, ಇಷ್ಟು ಹಳೆಯ ಗಾಡಿಗೆ ಹೊಸದು ಹಾಕಿಸಬೇಡಿ ಎಂದ.

ಗಂಡ ವೈಜಿನಾಥ ಶಾಲೆಯಲ್ಲಿ ಗಣಿತದ ಮಾಸ್ತರರು. ಈ ಮಾತು ಕೇಳಿದ್ದೇ ಲೆಕ್ಕ ಬಿಡಿಸಿದವರಂತೆ ಹೇಳಿದರು: "ಗುರುವಾರ ಮಧ್ಯಾಹ್ನ ಗುಜರಿಯವ ಬರ್ತಾನ. ಮಾತು ಕೊಟ್ಟೀನಿ. ಇನ್ನ ಮ್ಯಾಲ ಶುಂಠಿ ಫೋಟೋ ಫೋನಿನ್ಯಾಗ ತರಿಸ್ಕೊ, ಮಾಲ್ ಟೆಂಪೋದಾಗ ಬರ್ತಾದ."

"ಫೋಟೋ ಮೂಸಿ ನೋಡಾಕ ಬರ್ತಾದೇನ್ರಿ?"

ಕೊಟ್ಟ ಮಾತನ್ನು ಮಾಸ್ತರರು ಹಿಂತೆಗೆಯಲಿಲ್ಲ. ಕಾರು ಹೋದರೆ ಹೊಲಕ್ಕೆ ಹೋಗಿ ಕೊಳ್ಳುವ ವ್ಯಾಪಾರವೂ ಅದರೊಂದಿಗೆ ಹೋಗುವುದೆಂದು ಶಿವಗಂಗಾ ಅವರಿಗೆ ಗೊತ್ತಿತ್ತು. ಗುರುವಾರ ಬೆಳಿಗ್ಗೆ ಗಂಡನನ್ನೂ ಕೂರಿಸಿಕೊಂಡು, ಊರಂಚಿನಲ್ಲಿ ಶೆಡ್ ಇಟ್ಟಿರುವ ಗುರುಬಸವ ಎಂಬ ಹಿರಿಯ ಮೇಸ್ತ್ರಿಯ ಬಳಿ ಹೋದರು.

ವಾಹನವನ್ನು ಇನ್ನೊಬ್ಬರ ಕೈಗೆ ಕೊಡುವಾಗ ಕೊಳೆಯಾಗಿ ಕೊಡಬಾರದೆಂಬುದು ಆ ಮನೆಯ ನೇಮ. ಹಾಗಾಗಿ ಎಂದಿನಂತೆ ಮೂಟೆ ಇಳಿಸಿ, ಇಂಜಿನ್ನಿನ ಸಮೇತ ಕಾರನ್ನು ತೊಳೆದು, ಮುಂದೆ ಕುಂಕುಮವಿಟ್ಟು ತಂದಿದ್ದರು. ಗುರುಬಸವ ಬಾನೆಟ್ ಎತ್ತಿ, ತೊಳೆದ ಇಂಜಿನ್ನಿನ ಮೇಲೆ ಬೆರಳಾಡಿಸಿ ನೋಡಿದರು.

"ಯವ್ವಾ, ಮೊದಲಿನ ಮೇಸ್ತ್ರಿಗಳ ಕಡೀಗೂ ಹಿಂಗೇ ತೊಳದು ಒಯ್ದಿದ್ದೇನು?"

"ಹೌದ್ರಿ ಕಾಕಾ. ಹೊಲಸ ಗಾಡಿ ತಂದ್ರ ಛಲೋ ಕಾಣ್ತಾದೇನ್ರಿ?"

"ಮೂಟಿ?"

"ಇಳಿಸೇ ತಂದೀನಿ."

ಗುರುಬಸವ ಹೊಟ್ಟೆ ಹಿಡಿದು ನಕ್ಕರು. "ಜ್ವರ ಮನ್ಯಾಗ ಬಿಟ್ಟು ಡಾಕ್ಟರ್ ಕಡಿ ಬಂದಂಗ ಆತು! ಎಣ್ಣಿ ಸೋರಿದ ಗುರ್ತು ನೀರಾಗ ಹೋತು. ದಮ್ಮು ಹತ್ತಿಸೋ ಮೂಟಿ ಮನ್ಯಾಗ ಉಳದ್ವು. ಆ ಮೇಸ್ತ್ರಿಗಳದ ಏನ ತಪ್ಪು?"

ಬಳಿಕ ಅವರು ಗಾಳಿಯ ಕೊಳವೆ ಬಿಚ್ಚಿ, ಬೆರಳು ತೂರಿಸಿ ಟರ್ಬೊದ ಚಕ್ರವನ್ನು ತಿರುಗಿಸಿದರು. ಅತ್ತಿತ್ತ ಅಲುಗಿಸಿ ನೋಡಿದರು. ಅದು ಸರಾಗವಾಗಿ ತಿರುಗಿತು, ಅಲುಗಲಿಲ್ಲ.

"ಇದು ಸತ್ತಿಲ್ಲ, ಆರಾಮ್ ಅದ. ಇದು ಒತ್ತಿದ ಗಾಳಿ ಇಂಜಿನ್ ತನಕ ಮುಟ್ಟವಲ್ದು, ನಡುವ ಎಲ್ಲೋ ಸೋರಿ ಹೊಂಟದ. ಮಾಸ್ತರ, ಮೂಟಿ ತರ್ರಿ."

ವೈಜಿನಾಥ ಗೊಣಗುತ್ತ ಆಟೋದಲ್ಲಿ ಮೂಟೆ ತಂದರು. ಅಷ್ಟರಲ್ಲಿ ಗುರುಬಸವ ವಿಭೂತಿ ಗಟ್ಟಿಯನ್ನು ಒದ್ದೆ ಅಂಗೈಯಲ್ಲಿ ತೇದು, ಟರ್ಬೊದಿಂದ ಇಂಜಿನ್ನಿಗೆ ಹೋಗುವ ಕರಿ ರಬ್ಬರ್ ಕೊಳವೆಗಳಿಗೆಲ್ಲ ಬಳಿದಿದ್ದರು. ತಾಂಡೂರಿನಲ್ಲಿ ಹೇಳಿದವರು ಆ ವಿಭೂತಿ ಒಬ್ಬ ಸ್ವಾಮಿಗಳು ಮಂತ್ರಿಸಿ ಕೊಟ್ಟದ್ದೆಂದರು. ಶಿವಗಂಗಾ ಇದನ್ನು ಒಪ್ಪುವುದಿಲ್ಲ: ಅದು ಮೇಸ್ತ್ರಿಯ ಅಂಗಿಯ ಜೇಬಿನಲ್ಲಿದ್ದ, ಅರ್ಧ ಸವೆದ, ದಿನವೂ ಹಣೆಗೆ ಹಚ್ಚುವ ಗಟ್ಟಿ.

"ಕಾಕಾ, ಇಂಜಿನ್ನಿಗೆ ದೀಕ್ಷಾ ಕೊಡ್ತೀರೇನ್ರಿ?" ಎಂದರು ವೈಜಿನಾಥ.

"ಸುಣ್ಣಾನೂ ನಡೀತಾದ ಮಾಸ್ತರ, ಆದ್ರ ಅದು ಕೈ ಸುಡ್ತಾದ. ಒಣಗಲಿ. ಗಾಳಿ ಕಣ್ಣಿಗಿ ಕಾಣಂಗಿಲ್ಲ, ಇದು ತೋರಿಸ್ತಾದ. ನೀವೂ ಹಿಂದ ಮೂಟಿ ಮ್ಯಾಲ ಕೂಡ್ರಿ, ವಜನ ಬೇಕು."

ಬೂದಿ ಒಣಗಿ ಬೆಳ್ಳಗಾದ ಮೇಲೆ ಮೂವರೂ ಕೊಹೀರ್ ದಾರಿಯ ಏರಿಗೆ ಹೋದರು; ಓಡಿಸಿದವರು ಶಿವಗಂಗಾ. ಕಾರು ಎಂದಿನಂತೆ ಹೊಗೆ ಉಗುಳಿತು, ಸುಸ್ಸೆಂದಿತು.

"ಕಾಲು ತೆಗೀಬ್ಯಾಡ. ಒತ್ತು, ಒತ್ತು!" ಎಂದು ಗುರುಬಸವ ಕೂಗಿದರು. ಏರಿನ ತುದಿಯಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದಾಗ ಎಲ್ಲ ಕೊಳವೆಗಳೂ ಹಚ್ಚಿದಂತೆಯೇ ಬೆಳ್ಳಗಿದ್ದವು. ಒಂದರ ತಿರುವಿನ ಕೆಳಬದಿಯಲ್ಲಿ ಮಾತ್ರ ಬೆರಳುದ್ದದಷ್ಟು ಬೂದಿ ಹಾರಿಹೋಗಿ, ಅಲ್ಲಿ ಎಣ್ಣೆಯ ಕರಿ ಗೆರೆ ಮೂಡಿತ್ತು. ಮೇಸ್ತ್ರಿ ಕೊಳವೆಯನ್ನು ಬಾಗಿಸಿದರೆ ಬಿರುಕು ತುಟಿಯಂತೆ ತೆರೆಯಿತು, ಬಿಟ್ಟರೆ ಮುಚ್ಚಿತು.

"ಖಾಲಿ ನಿಂತಾಗ ಬಾಯಿ ಮುಚ್ಕೊಂಡು ಕೂಡ್ತಾದ, ಭಾಳ ಶಾಣ್ಯಾ ಅದ ಇದು," ಎಂದರು ಗುರುಬಸವ. "ಟರ್ಬೊ ಜೋರು ಮಾಡಿದಾಗ ಅಷ್ಟ ತೆಗೀತಾದ."

ಅದೇ ಅಳತೆಯ ಕೊಳವೆ ಜಹೀರಾಬಾದಿನ ಅಂಗಡಿಯೊಂದರಲ್ಲಿ ಸಿಕ್ಕಿತು. ಅದನ್ನು ಜೋಡಿಸಿ, ಕ್ಲಿಪ್ಪು ಬಿಗಿದು, ಅದೇ ಏರಿಗೆ ಮತ್ತೆ ಹೋದರು. ಈ ಸಲ ಹೊಗೆಯಿಲ್ಲ, ಸುಸ್ಸೆಂಬ ಸದ್ದಿಲ್ಲ. ಕಾರು ಮೂರನೇ ಗೇರಿನಲ್ಲಿಯೇ ಏರಿತು. ಮೂಟೆಯ ಮೇಲಿದ್ದ ಮಾಸ್ತರರು ಹಿಂದಕ್ಕೆ ಜಾರಿದರು.

"ಸಾವಕಾಶ ಹೊಡಿಯೇ!"

"ಗುಜರಿ ಗಾಡಿ ಅಲ್ರಿ ಇದು? ಗಟ್ಟಿ ಹಿಡ್ಕೊಂಡು ಕೂಡ್ರಿ!"

ಗುರುಬಸವರನ್ನು ಶೆಡ್ಡಿನಲ್ಲಿ ಬಿಟ್ಟು ಮನೆಗೆ ಬಂದಾಗ ಗುಜರಿಯವನು ಬಾಗಿಲಲ್ಲಿ ಕಾದಿದ್ದ. ಮಾತು ಕೊಟ್ಟವರು ತಾವಾದ್ದರಿಂದ ವೈಜಿನಾಥರೇ ಇಳಿದು ಹೋಗಿ ಕೈಮುಗಿದರು: "ತಪ್ಪಾತ್ರಿ. ಗಾಡಿ ಕೊಡಂಗಿಲ್ಲ, ಅದಕ್ಕ ಇನ್ನೂ ಕೆಲಸ ಅದ." ಆತ ತುಸು ಮುನಿದ; ಒಳಗೆ ಕರೆದು ಚಹಾ ಕೊಟ್ಟ ಮೇಲೆ ಎರಡನೇ ಕಪ್ಪನ್ನೂ ಕೇಳಿದ.

ಶಿವಗಂಗಾ ಕಾರಿನಿಂದ ಇಳಿಯಲೇ ಇಲ್ಲ. ಮೂಟೆಗಳು ಹೇಗೂ ಕಾರಿನಲ್ಲೇ ಇದ್ದವು. ಸಂಜೆಯೊಳಗೆ ತಾಂಡೂರು ಮುಟ್ಟಬೇಕಿತ್ತು.