ಎದುರು ಕುರ್ಚಿಯವಳು

ಸೋಫಾ ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಹೊರಗಿನಿಂದ ಮೂವರು ಎಳೆಯುತ್ತಿದ್ದರು, ಒಳಗಿನಿಂದ ಮಗಳು ತಳ್ಳುತ್ತಿದ್ದಳು. ಹಾಲ್‌ನ ನಡುವೆ ಮಲಗಿಸಿದ ತಾಯಿಯ ದೇಹದ ಸುತ್ತ ಜನ ಕೂರಲು ಜಾಗ ಮಾಡಬೇಕಿತ್ತು.

"ಇದು ಹೋಗಲ್ಲ ಬಿಡಿ" ಎಂದಳು ಮಗಳು.

ಮೂವರೂ ಉತ್ತರಿಸಲಿಲ್ಲ. ಸೋಫಾವನ್ನು ಕೆಳಗಿಳಿಸಿ, ಅವಳ ಮಾತು ನೆಲಕ್ಕೆ ಬಿದ್ದು ತಣ್ಣಗಾಗಲಿ ಎಂಬಂತೆ ಸುಮ್ಮನೆ ನಿಂತರು. ಆಮೇಲೆ ಅವರಲ್ಲಿ ಹಿರಿಯ, ತಲೆ ನರೆತವನು, ಮೆಲ್ಲಗೆ ಹೇಳಿದ: "ಹೋಗಲ್ಲ ಅನ್ನೋದು ಸರಿ. ಹೋಗೋದಾದ್ರೆ ಹೇಗೆ ಹೋಗ್ತಿತ್ತು ಅಂತ ನೋಡೋಣ್ವಾ?"

ಮಗಳು ತಿರುಗಿ ಅವನ ಮುಖ ನೋಡಿದಳು. ಆ ಮೌನವೂ ಆ ಮಾತೂ ಅಮ್ಮನವು. ಗಣಿತ ಬಾರದೆ ಅಳುತ್ತಿದ್ದಾಗ, ಊಟ ಬೇಡವೆಂದು ಹಟ ಹಿಡಿದಾಗ, ಅಮ್ಮ ಹೀಗೇ ಸುಮ್ಮನಿದ್ದು ಹೀಗೇ ಕೇಳುತ್ತಿದ್ದಳು. ಸೋಫಾವನ್ನು ನೆಟ್ಟಗೆ ನಿಲ್ಲಿಸಿ ತಿರುಗಿಸಿದರು. ಅದು ಬಾಗಿಲು ದಾಟಿತು.

"ಎಲ್ಲಾ ನಿಮ್ಮಮ್ಮನ ಮರಿಗಳೇ" ಎಂದಳು ಚಿಕ್ಕಮ್ಮ, ಹಾಲ್‌ನಲ್ಲಿ ತುಂಬಿದವರನ್ನು ತೋರಿಸಿ. "ಆ ಇಲಾಖೆಯಲ್ಲಿ ಎಲ್ಲಿ ಕಲ್ಲು ಬಿಸಾಕಿದ್ರೂ ಅಕ್ಕನ ಕೈಯಲ್ಲಿ ಪಳಗಿದೋರ ತಲೆಗೇ ಬೀಳುತ್ತೆ."

ಸೈನ್ಯಕ್ಕೆ ಬೇಕಾದ ಹೆಲ್ಮೆಟ್ಟು, ಬೂಟು, ಪ್ಯಾರಾಚೂಟು ಕೊಳ್ಳುವ ಇಲಾಖೆಯದು. ಹೊಸದಾಗಿ ಸೇರಿದವರಿಗೆ ಕೊಳ್ಳುವುದನ್ನು ಕಲಿಸುತ್ತಿದ್ದವಳು ಅಮ್ಮ. ಕೈ ಕುದುರದೆ ಯಾರಿಗೂ ಸಹಿ ಹಾಕಲು ಬಿಡುತ್ತಿರಲಿಲ್ಲ. ಕುದುರುವ ಹೊತ್ತಿಗೆ ಮೇಲಿನವರು ವರ್ಗ ಮಾಡಿದರೆ ಅವರ ಕೋಣೆಗೇ ಹೋಗಿ ಜಗಳ ತೆಗೆಯುತ್ತಿದ್ದಳು.

"'ಹೆಲ್ಮೆಟ್ ಕೊಳ್ಳೋಕೆ ಕಲಿತವನನ್ನ ಕುರಿ ಎಣಿಸೋಕೆ ಕಳಿಸ್ತೀರಾ' ಅಂತ ಕೇಳಿದ್ರು" ಎಂದು ತಲೆ ನರೆತವನು ನೆನಪಿಸಿಕೊಂಡ. "ಪಶುಸಂಗೋಪನೆಗೆ ಹೊರಟಿದ್ದವನು ನಾನೇ. ಉಳ್ಕೊಂಡೆ."

ಯಾರೋ ನಕ್ಕರು. ಎಲ್ಲರೂ ಬೆನ್ನು ಗೋಡೆಗೆ ತಾಗಿಸದೆ ನೆಟ್ಟಗೆ ಕೂತಿದ್ದರು. ಯಾರೇ ಏನೇ ಕೇಳಿದರೂ ಒಂದು ಗುಟುಕು ಮೌನ ನುಂಗಿಯೇ ಬಾಯಿ ಬಿಡುತ್ತಿದ್ದರು. ಬಟ್ಟೆ ಹೊದಿಸಿ ಮಲಗಿಸಿದವಳು ಅಷ್ಟೂ ಜನರಲ್ಲಿ ಚೂರು ಚೂರಾಗಿ ಎದ್ದು ಕೂತ ಹಾಗಿತ್ತು.

ಮಗಳು ನೀರು ಕುಡಿಯಲು ಅಡುಗೆಮನೆಗೆ ಹೋದಳು. ಆಗ ಹಾಲ್‌ನಿಂದ ಅವಳದೇ ದನಿ ಕೇಳಿತು.

"ಬಂದೆ ಅಮ್ಮ. ಏನು, ಹೇಳು."

ಕೊನೆಯ ಅಕ್ಷರವನ್ನು ಬೇಸರದಿಂದ ಎಳೆಯುವುದೂ ಅವಳ ಹಾಗೇ. ಪಕ್ಕದಲ್ಲಿ ಲೋಟ ತೊಳೆಯುತ್ತಿದ್ದ ಚಿಕ್ಕಮ್ಮ ಇವಳ ಮುಚ್ಚಿದ ಬಾಯಿ ನೋಡಿದಳು, ಬಾಗಿಲ ಕಡೆ ನೋಡಿದಳು. "ಈಗ ಮಾತಾಡಿದ್ದು ನೀನಲ್ವೇನೆ?" ಎಂದಳು.

ತಾಯಿಯ ತಲೆಯ ಬಳಿ ಇವಳದೇ ವಯಸ್ಸಿನ ಹೆಂಗಸೊಬ್ಬಳು ಕೂತು ಮುಂಗೈಯಿಂದ ಮೂಗು ಉಜ್ಜಿಕೊಳ್ಳುತ್ತಿದ್ದಳು.

"ನೀವು ಯಾರು?"

ಹೆಂಗಸು ತಲೆಯೆತ್ತಿದಳು. ಮುಖದಿಂದ ಏನೋ ಇಳಿದುಹೋಗಿ ಬೇರೆಯೇ ಒಬ್ಬಳು ಉಳಿದಳು. "ಮೇಡಂ ಹತ್ರ ಕಲಿತವಳು. ಕ್ಷಮಿಸಿ, ನೀವು ಬರ್ತೀರಿ ಅಂದ್ಕೊಂಡಿರಲಿಲ್ಲ."

"ನಮ್ಮಮ್ಮ ಸತ್ತರೆ ನಾನು ಬರಲ್ವಾ?"

ಹೆಂಗಸು ಸ್ವಲ್ಪ ತಡೆದು ಹೇಳಿದಳು: "ಬರಲ್ಲ ಅಂತಲೇ ನಾನು ಯಾವಾಗಲೂ ಹೇಳ್ತಿದ್ದಿದ್ದು."

*

ಅಪ್ಪ ಹೋದ ದಿನ ಅಮ್ಮ ದರದ ಮಾತುಕತೆಯಲ್ಲಿದ್ದಳು. ಆ ಕೋಣೆಯೊಳಗೆ ಫೋನ್ ಒಯ್ಯುವಂತಿರಲಿಲ್ಲ, ಹೊರಗಿನ ಮರದ ಪೆಟ್ಟಿಗೆಯಲ್ಲಿ ಹಾಕಿ ಹೋಗಬೇಕು. ಮಗಳು ಆಸ್ಪತ್ರೆಯಿಂದ ಮಾಡಿದ ಕರೆಗಳೆಲ್ಲ ಪೆಟ್ಟಿಗೆಯೊಳಗೇ ಬಡಿದುಕೊಂಡವು. ಅಮ್ಮ ಬಂದಾಗ ಅಪ್ಪನ ಹಾಸಿಗೆಯ ಚಾದರವನ್ನೂ ಬದಲಿಸಿಯಾಗಿತ್ತು.

"ಮುಗೀತಾ ವ್ಯಾಪಾರ? ಗೆದ್ಯಾ?" ಎಂದು ಕೇಳಿದ್ದಳು ಮಗಳು. ಅಮ್ಮ ಸುಮ್ಮನೆ ನಿಂತಿದ್ದಳು. ಆ ಮೌನ ಮುಗಿಯುವವರೆಗೆ ಕಾಯದೆ ಮಗಳು ಹೊರಟುಬಂದಿದ್ದಳು.

ಆಮೇಲೆ ವರ್ಷಗಟ್ಟಲೆ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗಿದಳು. ತಾನಾಗಿ ಮಾಡಲು ಮನಸ್ಸು ಬಗ್ಗಲಿಲ್ಲ. ಅಮ್ಮ ಯಾಕೆ ಮಾಡಲಿಲ್ಲ ಎನ್ನುವುದೊಂದೇ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ತಾನು ಅಮ್ಮನಿಗೆ ಬೇಡವಾಗಿದ್ದಳೋ, ಅಮ್ಮ ತನ್ನನ್ನು ಮರೆತಿದ್ದಳೋ. ಇಷ್ಟು ತಿಳಿದರೆ ಸಾಕು, ಅಳುವುದೋ ಬೇಡವೋ ಆಮೇಲಿನ ಮಾತು ಎಂದುಕೊಂಡೇ ಬೆಳಗಿನ ಬಸ್ಸು ಹತ್ತಿದ್ದಳು.

*

ಇಬ್ಬರೂ ಅಮ್ಮ ಓದುತ್ತಿದ್ದ ಕೋಣೆಗೆ ಬಂದರು. ಒಂದು ಮೇಜು, ಎದುರುಬದುರು ಎರಡು ಕುರ್ಚಿ.

"ತರಗತೀಲಿ ನಮಗೆ ತಾಲೀಮು ಇರ್ತಿತ್ತು" ಎಂದಳು ಹೆಂಗಸು. "ಒಬ್ರು ಕೊಳ್ಳೋರು, ಇನ್ನೊಬ್ರು ಮಾರೋ ಕಂಪನಿಯವರು. ಮಾರೋರ ಪಾರ್ಟು ನಾನು ಚೆನ್ನಾಗಿ ಮಾಡ್ತಿದ್ದೆ, ಜಗ್ಗುತ್ತಿರಲಿಲ್ಲ. ಒಂದು ಶುಕ್ರವಾರ ಎಲ್ರೂ ಹೋದ್ಮೇಲೆ ಮೇಡಂ ನನ್ನನ್ನ ನಿಲ್ಲಿಸಿಕೊಂಡ್ರು. 'ಇವತ್ತು ನೀನು ನನ್ನ ಮಗಳು. ನಾನು ಫೋನ್ ಮಾಡ್ತೀನಿ' ಅಂದ್ರು."

ಮಗಳು ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಮೇಡಂಗೆ 'ನೀನು' ಅನ್ನೋಕೆ ನನಗೆ ನಾಲಿಗೆ ಹೊರಳ್ತಿರಲಿಲ್ಲ. ಅವರೇ ಬೈದು ಬೈದು ತಿದ್ದಿದ್ರು. 'ಅವಳು ಹಾಗೆ ನಗಲ್ಲ. ಅಳು ಬಂದ್ರೆ ಕಣ್ಣು ಒರೆಸಲ್ಲ, ಮೂಗು ಉಜ್ಜುತ್ತಾಳೆ.'"

ಮಗಳು ಮೂಗಿನ ಮೇಲಿದ್ದ ಕೈಯನ್ನು ಕೆಳಗಿಳಿಸಿದಳು.

"ನೀವು ಏನಂತಿದ್ರಿ? ನನ್ನ ಪರವಾಗಿ?"

"ಬರಲ್ಲ ಅಂತಿದ್ದೆ. ಒಂದೊಂದು ವಾರ ಒಂದೊಂದು ಥರ. ತಾಲೀಮಿನಲ್ಲಿ ಎದುರಿನವರು ನಿಜಕ್ಕಿಂತ ಗಟ್ಟಿ ಇರಬೇಕು, ಇಲ್ಲಿ ಗೆಲ್ಲದೆ ನಿಜವಾದ ಮಾತುಕತೆಗೆ ಹೋಗಬಾರದು. ಅದು ಮೇಡಂ ನಿಯಮ. ಇಲ್ಲಿ ಸೋತರೆ ಮುಖ ಕೆಡುತ್ತೆ ಅಷ್ಟೆ, ಅಲ್ಲಿ ಸೋತರೆ ಯಾರದೋ ಪ್ಯಾರಾಚೂಟ್ ಬಿಚ್ಚಲ್ಲ ಅನ್ನೋರು."

"ಒಂದ್ಸಲನಾದ್ರೂ ಸೋಲಬಹುದಿತ್ತಲ್ಲ ನೀವು."

"ಸೋತೆ. ನೋಡೋಕಾಗದೆ 'ಆಯ್ತು ಬರ್ತೀನಿ' ಅಂದುಬಿಟ್ಟೆ. ಹಿಡಿದುಬಿಟ್ರು. 'ಅಯ್ಯೋ ಪಾಪ ಅಂತ ದರ ಇಳಿಸಿದ್ದೀಯ. ಅವಳು ಇಷ್ಟು ಸುಲಭಕ್ಕೆ ಸಿಗೋಳಲ್ಲ' ಅಂತ ಮೊದಲಿಂದ ಶುರು ಮಾಡಿಸಿದ್ರು. ನಿವೃತ್ತಿ ಆದ್ಮೇಲೆ ಇಲ್ಲಿಗೇ ಕರೆಸಿಕೊಳ್ತಿದ್ರು. ಕಳೆದ ಶುಕ್ರವಾರನೂ ಬಂದಿದ್ದೆ."

"ಕಳೆದ ಶುಕ್ರವಾರನೂ ಬರಲ್ಲ ಅಂದ್ರಾ?"

"ಅಂದೆ."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. "ಎತ್ತುತ್ತಾರಂತೆ, ಬಾರೇ" ಎಂದು ಚಿಕ್ಕಮ್ಮ ಕರೆದಳು.

ಮಗಳು ಬಾಗಿಲನ್ನು ಅರೆ ಮುಚ್ಚಿದಳು. "ಆ ಕಡೆ ಕೂತ್ಕೊಳ್ಳಿ" ಎಂದಳು. "ಅವಳ ಕುರ್ಚಿಯಲ್ಲಿ."

"ಬೇಡ."

"ಇಷ್ಟು ವರ್ಷ ನಾನಾಗಿದ್ರಲ್ಲ. ಒಂದ್ಸಲ ಅವಳಾಗಿ."

ಹೆಂಗಸು ಕೂತಳು. ಮೊದಲು ಭುಜಗಳು ಇಳಿದವು. ಕುತ್ತಿಗೆ ನೆಟ್ಟಗಾಯಿತು. ಎರಡೂ ಅಂಗೈ ಮೇಜಿನ ಮೇಲೆ ಚಪ್ಪಟೆಯಾಗಿ ಬಂದು ಕೂತವು. ಬಲಗಡೆಯ ಹುಬ್ಬು ತುಸುವೇ ಮೇಲಕ್ಕೆ ಹೋಯಿತು. ಮಗಳಿಗೆ ಓಡಿಹೋಗಬೇಕೆನಿಸಿತು. ಓಡಲಿಲ್ಲ, ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಊಟ ಆಯ್ತಾ?" ಎಂದಿತು ಅಮ್ಮನ ದನಿ.

"ಇಲ್ಲ."

"ಹೊತ್ತಾಯ್ತಲ್ಲೇ." ಆ ದನಿ ತಡೆಯಿತು. "ನಾನು ಆವತ್ತು ಪೆಟ್ಟಿಗೆ ತೆಗೆದು ನೋಡಬೇಕಿತ್ತು. ಮನೆಗೆ ಬರ್ತೀಯಾ?"

"ಬರ್ತೀನಿ ಅಮ್ಮ" ಎಂದಳು ಮಗಳು.

ಹೆಂಗಸಿನ ತುಟಿಗಳು ತೆರೆದವು. ಮಾತು ಬರಲಿಲ್ಲ. ಮಗಳು ಮೇಜಿನ ಮೇಲೆ ಬಾಗಿ ಆ ತುಟಿಗಳನ್ನೇ ನೋಡಿದಳು. ಆ 'ಬರ್ತೀನಿ'ಯಿಂದ ಮುಂದಕ್ಕೆ ಅಮ್ಮನೂ ಇವಳೂ ಯಾವ ಶುಕ್ರವಾರದ ತಾಲೀಮಿನಲ್ಲೂ ಹೋಗಿರಲಿಲ್ಲ.

ಹೆಂಗಸು ಮೆಲ್ಲನೆ ಕತ್ತು ಹೊರಳಿಸಿ ಹಾಲ್‌ನ ಕಡೆ ನೋಡಿದಳು, ತಪ್ಪಿದರೆ ಹೇಳಿಕೊಡುವವಳು ಮಲಗಿದ್ದ ಕಡೆ. ಮಗಳೂ ಆ ಕಡೆಗೇ ತಿರುಗಿದಳು. ಇಬ್ಬರೂ ಕಿವಿಗೊಟ್ಟು ಕಾದರು.