ಗಡಿಯಾಚೆಯ ಸೋಪಿನ ಪುಡಿ

ಮಂಗಳವಾರ ಮಧ್ಯಾಹ್ನ ನನ್ನ ಹೆಂಡತಿ ಲಿಬುಶೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಎರಡು ವಿಷಯ ಹೇಳಿದಳು. ಶವಪೆಟ್ಟಿಗೆಯಲ್ಲಿ ಮಲಗಿಸುವಾಗ ತೊಡಿಸಬೇಕಾದ ನೀಲಿ ಉಡುಪು ಬೀರುವಿನ ಬಲಗಡೆ, ಬಿಳಿ ಚೀಲದಲ್ಲಿದೆ ಎಂಬುದು ಮೊದಲನೆಯದು. ನಮ್ಮ ಕಡೆಯ ಹೆಂಗಸರು ಅರವತ್ತು ದಾಟಿದ ಮೇಲೆ ಅದನ್ನು ತಾವೇ ಆರಿಸಿ ಇಡುವುದುಂಟು. ಅದು ನನಗೆ ತಿಳಿದದ್ದೇ. ಎರಡನೆಯದು ತಿಳಿದಿರಲಿಲ್ಲ.

"ಹದಿನೈದು ವರ್ಷದಿಂದ ಚೀಲದಲ್ಲೇ ಇದೆ ಅದು. ಮುಗ್ಗಲು ಹಿಡಿದಿರುತ್ತೆ. ಒಂದ್ಸಲ ಒಗೆದು ಇಲ್ಲಿಗೆ ತಗೊಂಡ್ ಬಾ, ಓತಾ. ಜರ್ಮನ್ ಪುಡೀಲಿ. ನಾನೊಮ್ಮೆ ಮೂಸಿ ನೋಡ್ಬೇಕು."

"ಮೂಗು ಹೋಗಿದೆ ಅಂತೀಯಲ್ಲ."

"ಹೋಗಿದೆ. ತೀರಾ ಹತ್ರ ಹಿಡಿದ್ರೆ ಏನಾದ್ರೂ ಗೊತ್ತಾಗ್ಬಹುದು. ಹಾಕ್ಕೊಂಡು ಹೋಗೋ ಬಟ್ಟೆ ಹೇಗಿದೆ ಅಂತ ತಿಳ್ಕೊಂಡು ಹೋಗೋದು ಬೇಡ್ವಾ?"

ಹೊರಗೆ ಬಂದಾಗ ವೈದ್ಯರು, ಭಾನುವಾರ ದಾಟುವುದು ಕಷ್ಟ ಎಂದರು. ಐದು ದಿನ.

ಆ ಮೂಗನ್ನು ಕಳೆದವನು ನಾನು.

ಗಡಿಯ ಮುಳ್ಳುತಂತಿ ಕಿತ್ತ ಮೊದಲ ಚಳಿಗಾಲದಲ್ಲಿ ನಮ್ಮೂರು ದೊಮಾಜ್ಲಿತ್ಸೆಯಿಂದ ಜನ ಬಸ್ಸು ತುಂಬಿ ಗಡಿಯಾಚೆ, ಜರ್ಮನಿಯ ಬವೇರಿಯಾದ ಫುರ್ತ್‌ಗೆ ಹೋಗುತ್ತಿದ್ದರು. ಎಲ್ಲರೂ ಬಾಳೆಹಣ್ಣು, ಚಾಕೊಲೇಟು ಹೊತ್ತು ತಂದರು. ಲಿಬುಶೆ ತಂದದ್ದು ಕಾಫಿಪುಡಿ, ಸಿಹಿ ಸಾಸಿವೆಯ ಒಂದು ಸೀಸೆ, ಟೊಮೇಟೊ ರಸದಲ್ಲಿ ನೆನೆಸಿದ ಮೀನಿನ ಎರಡು ಡಬ್ಬಿ ಮತ್ತು ಬಟ್ಟೆಯ ಸೋಪಿನ ಪುಡಿ. ಮರುದಿನ ಒಗೆದ ದಿಂಬಿನ ಚೀಲವನ್ನು ನನ್ನ ಮುಖಕ್ಕೆ ಒತ್ತಿ ಹಿಡಿದಳು.

"ಹೇಗಿದೆ?"

"ಕೊಳೆ ಹೋಗಿದೆ."

"ಕೊಳೆ ಕೇಳ್ಲಿಲ್ಲ ನಾನು. ಮೂಸು."

ಮುಂದೆ ಅದೇ ಕಂಪನಿಯ ಪುಡಿ ನಮ್ಮ ಅಂಗಡಿಗೂ ಬಂತು. ಅದೇ ಡಬ್ಬಿ, ಅದೇ ಹೆಸರು, ಅದೇ ತೂಕ. ಅಕ್ಷರ ಮಾತ್ರ ನಮ್ಮದು. ಒಳ್ಳೆಯದನ್ನು ಅವರಿಗಿಟ್ಟು ನಮಗೆ ಕಸ ಗುಡಿಸಿ ಕಳಿಸುತ್ತಾರೆ ಎಂದು ಊರಿನ ಹೆಂಗಸರೆಲ್ಲರೂ ನಂಬಿದ್ದರು. ಹೊರಗಿನ ಮೂರೂ ಸಮವಾಗಿದ್ದರೆ ಒಳಗಿನದೂ ಸಮ ಎಂದು ನಾನು ಸಾಧಿಸುತ್ತಿದ್ದೆ. ಮೂವತ್ತೆಂಟು ವರ್ಷ ಅಂಕಗಣಿತ ಕಲಿಸಿದವನು ನಾನು. ವಾಸನೆಯನ್ನು ವಾದವೆಂದು ಒಪ್ಪುತ್ತಿರಲಿಲ್ಲ.

"ನಿನ್ನ ಲೆಕ್ಕಕ್ಕೆ ಮೂಗೇ ಇಲ್ಲ, ಓತಾ" ಎಂದು ಅವಳು ನಗುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ಈ ಜಗಳವನ್ನು ಮುಗಿಸಲು ನಿರ್ಧರಿಸಿದೆ. ಮಂಡಿನೋವಿನಿಂದಾಗಿ ಅವಳು ಫುರ್ತ್‌ಗೂ ಬರುತ್ತಿರಲಿಲ್ಲ, ನಮ್ಮ ಕಟ್ಟಡದ ನೆಲಮಾಳಿಗೆಗೂ ಇಳಿಯುತ್ತಿರಲಿಲ್ಲ. ಆ ಸಲ ಕಾಫಿ, ಸಾಸಿವೆ, ಮೀನನ್ನು ಗಡಿಯಾಚೆಯಿಂದ ತಂದೆ. ಪುಡಿಯನ್ನು ನಮ್ಮ ಬೀದಿಯ ಅಂಗಡಿಯಲ್ಲಿ ಕೊಂಡೆ. ನೆಲಮಾಳಿಗೆಯಲ್ಲಿ ಡಬ್ಬಿ ಒಡೆದು, ಅವಳ ನೀಲಿ ತಗಡಿನ ಡಬ್ಬದಲ್ಲಿ ಸುರಿದು, ಮೇಲೆ ಒಯ್ದು ಕೊಟ್ಟೆ. ಒಂದು ತಿಂಗಳು ಕಳೆದ ಮೇಲೆ ನಿಜ ಹೇಳಿ, ಸಾಧಿಸಿದೆನೆಂದು ಗೆರೆ ಎಳೆಯುವುದು ನನ್ನ ಯೋಜನೆ.

ಅವಳು ಮೊದಲ ಒಗೆತಕ್ಕೇ ಟವೆಲು ಹಿಡಿದು ಅಡುಗೆಮನೆಗೆ ಬಂದಳು.

"ಓತಾ, ಈ ಸಲದ್ದು ವಾಸನೇನೇ ಬರ್ತಿಲ್ಲ ನಂಗೆ."

ಉತ್ತರ ಅಲ್ಲಿಯೇ ಸಿಕ್ಕಿತ್ತು. ನಾನು ಸೋತಿದ್ದೆ. ಒಪ್ಪಿಕೊಳ್ಳಲು ಒಂದು ವಾಕ್ಯ ಸಾಕಿತ್ತು.

"ನೆಗಡಿ ಇರ್ಬೇಕು" ಎಂದೆ.

ನೆಗಡಿ ಇರಲಿಲ್ಲ. ಮುಂದಿನ ಸಲ ನಿಜವಾದ ಪುಡಿಯನ್ನೇ ತಂದಿದ್ದರೆ ಅವಳ ಮೂಗು ಸರಿಹೋಗುತ್ತಿತ್ತು, ನನ್ನ ಮಾತು ಸುಳ್ಳಾಗುತ್ತಿತ್ತು. ನಾನು ತರಲಿಲ್ಲ. ಫುರ್ತ್‌ನ ಆ ಅಂಗಡಿಯಲ್ಲಿ ಪುಡಿಯ ಸಾಲನ್ನು ದಾಟಿಕೊಂಡು ಸಾಸಿವೆಯ ಸಾಲಿಗೆ ಹೋಗುವುದು ರೂಢಿಯಾಯಿತು. ಲಿಬುಶೆ ಮೂಗಿನ ವೈದ್ಯರನ್ನು ಕಂಡಳು. ದೋಷವಿಲ್ಲ, ವಯಸ್ಸು ಎಂದರು ಅವರು. ಕಾಫಿಯಂಥ ಗಾಢ ವಾಸನೆ ಬಂದರೂ ನವಿರಾದವು ಇನ್ನು ತನಗೆ ದಕ್ಕುವುದಿಲ್ಲ ಎಂದು ಅವಳು ನಂಬಿಕೊಂಡಳು. ಮರುವರ್ಷದ ಶರತ್ಕಾಲದಲ್ಲಿ ಅವಳು ಅಣಬೆ ಆರಿಸಲು ಕಾಡಿಗೆ ಹೋಗುವುದನ್ನು ಬಿಟ್ಟಳು. ಮಂಡಿನೋವಿನಲ್ಲೂ ಕೋಲೂರಿಕೊಂಡು ಹೋಗುತ್ತಿದ್ದವಳು. ಕಣ್ಣು ಮೋಸ ಹೋಗುತ್ತದೆ, ವಿಷದ ಅಣಬೆಯನ್ನು ಕೊನೆಗೆ ಮೂಗೇ ಹಿಡಿಯಬೇಕು ಎಂಬುದು ಅವಳ ನಿಯಮ. "ನಂಬಿಕೆ ಇಲ್ಲದ ಮೂಗು ಇಟ್ಕೊಂಡು ಯಾರನ್ನಾದ್ರೂ ಸಾಯಿಸ್ಲಾ?" ಎಂದು ಬುಟ್ಟಿಯನ್ನು ಎದುರುಮನೆಯ ವ್ಲಾಸ್ತಾಗೆ ಕೊಟ್ಟುಬಿಟ್ಟಳು. ಆಗಲೂ ನಾನು ಪತ್ರಿಕೆ ಓದುತ್ತಾ ಕುಳಿತಿದ್ದೆ.

ಬುಧವಾರ ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕುವುದರಲ್ಲಿ ಕಳೆಯಿತು. ಗುರುವಾರ ಬೆಳಿಗ್ಗೆ ರೈಲು ಹತ್ತಿದೆ. ಅರ್ಧ ಗಂಟೆಯ ದಾರಿ. ಫುರ್ತ್‌ನಲ್ಲಿ ಇಳಿದಾಗ ದೀಪದ ಕಂಬಗಳಿಗೆ ಹಸಿರು ಟೊಂಗೆ ಕಟ್ಟಿದ್ದರು, ರಸ್ತೆಯಲ್ಲಿ ಹೂವಿನ ಎಸಳು ಬಿದ್ದಿದ್ದವು. ಅಂಗಡಿಯ ಗಾಜಿನ ಬಾಗಿಲು ಮುಚ್ಚಿತ್ತು. ಅದರ ಮುಂದೆ ನಮ್ಮ ಕಡೆಯವನೇ ಒಬ್ಬ, ಖಾಲಿ ಚೀಲಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಅವನ ಹೆಂಡತಿ ಕಾರಿನೊಳಗೆ ಕುಳಿತು ಎದುರಿಗೆ ನೋಡುತ್ತಿದ್ದಳು.

"ಕ್ರಿಸ್ತನ ಶರೀರದ ಹಬ್ಬ ಅಂತೆ, ಯಜಮಾನ್ರೇ. ಇಡೀ ಬವೇರಿಯಾಕ್ಕೆ ರಜ" ಎಂದ ಅವನು. "ನಮ್ಮಲ್ಲಾದ್ರೆ ದೇವರೂ ಗುರುವಾರ ಕೆಲಸಕ್ಕೆ ಹೋಗ್ತಾನೆ."

"ಪ್ರತಿ ವರ್ಷ ಹೀಗೇ ಬಂದು ಬಾಗಿಲು ನೋಡ್ಕೊಂಡು ಹೋಗ್ತಾರೆ ಇವ್ರು" ಎಂದಳು ಹೆಂಡತಿ, ನನ್ನನ್ನು ಉದ್ದೇಶಿಸಿ. "ನಿಮಗೂ ಮನೇಲಿ ಹೇಳೋರು ಯಾರೂ ಇರ್ಲಿಲ್ವಾ?"

ಈಸ್ಟರ್ ಭಾನುವಾರಕ್ಕೆ ಅರವತ್ತು ದಿನ ಕೂಡಿಸಿದರೆ ಈ ಗುರುವಾರ ಬರುತ್ತದೆ. ಕೂಡಿಸುವುದು ನನ್ನ ವೃತ್ತಿಯಾಗಿತ್ತು. ನಾನು ಕೂಡಿಸಿರಲಿಲ್ಲ. ನನ್ನ ಮನೆಯಲ್ಲಿ ರಜೆಗಳನ್ನು ನೆನಪಿಡುತ್ತಿದ್ದವಳು ಲಿಬುಶೆ.

ಹಿಂದಿರುಗುವ ರೈಲಿನಲ್ಲಿ ಖಾಲಿ ಚೀಲವನ್ನು ಮೊಣಕಾಲ ಮೇಲಿಟ್ಟುಕೊಂಡಿದ್ದೆ. ಮನೆಯ ಪುಡಿಯಲ್ಲಿ ಒಗೆದು ಒಯ್ದರೆ ಅವಳಿಗೆ ವಾಸನೆ ಬರುವುದಿಲ್ಲ. ತನ್ನ ಮೂಗು ಸತ್ತಿದೆ ಎಂದೇ ನಂಬಿ ಹೋಗುತ್ತಾಳೆ. ಐದರಲ್ಲಿ ಮೂರು ದಿನ ಉಳಿದಿದ್ದವು. ನಿಲ್ದಾಣದಿಂದ ನೇರವಾಗಿ ಆಸ್ಪತ್ರೆಗೆ ನಡೆದೆ.

"ಉಡುಪೆಲ್ಲಿ?" ಎಂದಳು.

"ಅಂಗಡಿ ಮುಚ್ಚಿತ್ತು."

"ಇವತ್ತು ಅಲ್ಲಿ ಹಬ್ಬ. ನನ್ನ ಕೇಳ್ಬಾರ್ದಾಗಿತ್ತಾ? ಮನೇಲಿರೋ ಡಬ್ಬದಲ್ಲಿ ಪುಡಿ ಮುಗೀತಾ?" ಎಂದು ಕೇಳಿದಳು.

"ಡಬ್ಬದಲ್ಲಿರೋದು ಜರ್ಮನ್ ಪುಡಿ ಅಲ್ಲ, ಲಿಬುಶೆ. ನಮ್ಮ ಬೀದಿ ಅಂಗಡೀದು."

ಅವಳು ನನ್ನನ್ನು ನೋಡಿದಳು.

"ಯಾವಾಗಿಂದ?"

"ಹನ್ನೊಂದು ವರ್ಷದಿಂದ. ನೀನು ಟವೆಲು ತಂದು ತೋರಿಸಿದ ದಿನದಿಂದ. ನೆಗಡಿ ಅಂದೆನಲ್ಲ, ಅವತ್ತಿಂದ."

ಅವಳು ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಚಿದಳು, ಬಿಡಿಸಿದಳು.

"ಹಾಗಾದ್ರೆ ನನ್ನ ಮೂಗು ಸರಿಯಾಗೇ ಇತ್ತು."

"ಇತ್ತು."

"ಅಣಬೆ ಬುಟ್ಟಿ ಕೊಟ್ಬಿಟ್ಟೆ."

"ಗೊತ್ತು."

"ನೀನು ಅಲ್ಲೇ ಕೂತಿದ್ದೆ."

"ಕೂತಿದ್ದೆ."

ಅವಳು ಬೈದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. "ನಾಳೆ ಹೋಗು" ಎಂದಳು. "ಈ ಸಲ ನೆಲಮಾಳಿಗೆಗೆ ಒಯ್ಯಬೇಡ. ಡಬ್ಬೀನ ಇಲ್ಲಿಗೆ ತಾ. ನನ್ನೆದುರಿಗೇ ಒಡಿ." ಅನಂತರ ಗೋಡೆಯ ಕಡೆ ತಿರುಗಿದಳು. ಐವತ್ತೊಂದು ವರ್ಷದಲ್ಲಿ ನನ್ನ ಮಾತಿಗೆ ಸಾಕ್ಷಿ ಕೇಳಿದ್ದು ಅದೊಂದೇ ಸಲ. ಅವಳು ನನ್ನೊಡನೆ ಆಡಿದ ಕೊನೆಯ ಮಾತೂ ಅದೇ.

ಶುಕ್ರವಾರ ಅಂಗಡಿ ತೆರೆದಿತ್ತು. ಕಾಫಿಯ ಸಾಲು, ಮೀನಿನ ಸಾಲು ದಾಟಿ ನೇರವಾಗಿ ಪುಡಿಯ ಸಾಲಿಗೆ ಹೋದೆ. ಹನ್ನೊಂದಕ್ಕೆ ಆಸ್ಪತ್ರೆ ಮುಟ್ಟುವಾಗ ಅವಳಿಗೆ ನೋವಿನ ಮದ್ದು ಹೆಚ್ಚಿಸಿದ್ದರು. ಕಣ್ಣು ಮುಚ್ಚಿತ್ತು. ಹೇಳಿದಂತೆ ಅವಳೆದುರಿಗೇ ಡಬ್ಬಿ ಒಡೆದು ದಿಂಬಿನ ಹತ್ತಿರ ಹಿಡಿದೆ. ಆಗ ಮೊದಲ ಸಲ ನಾನೂ ಮನಸ್ಸಿಟ್ಟು ಮೂಸಿದೆ. ಬೇರೆಯೇ ಇತ್ತು. ತಣ್ಣನೆಯ ಗಾಳಿಯಲ್ಲಿ ಒಣಗಿದ ಬಟ್ಟೆಯಂತೆ, ಜೊತೆಗೆ ಯಾವುದೋ ಬಿಳಿ ಹೂವಿನಂತೆ. ನನ್ನಂಥವನ ಮೂಗಿಗೂ ತಿಳಿಯುವಷ್ಟು ಬೇರೆ.

"ಇದೇನ್ ಮಾಡ್ತಿದೀರಾ, ತಾತ? ಪಕ್ಕದವರಿಗೆ ಕೆಮ್ಮು ಬರುತ್ತೆ. ಮುಚ್ಚಿ ಅದನ್ನ" ಎಂದಳು ದಾದಿ.

ಮುಚ್ಚಿದೆ. ಲಿಬುಶೆಗೆ ಅದು ಮುಟ್ಟಿತೋ ಇಲ್ಲವೋ ನನಗೆ ತಿಳಿಯದು. ಮೂಗಿನ ಹೊಳ್ಳೆ ಅಲುಗಿದಂತೆ ಕಂಡಿತು; ಉಸಿರಾಡುವವರ ಹೊಳ್ಳೆ ಅಲುಗುತ್ತದೆ. ತಿಳಿಯದ ಉತ್ತರವನ್ನು ತಿಳಿದವನಂತೆ ಇನ್ನೊಮ್ಮೆ ಬರೆಯಲಾರೆ.

ಸಂಜೆ ಉಡುಪನ್ನು ಅದೇ ಪುಡಿಯಲ್ಲಿ ಕೈಯಲ್ಲೇ ಒಗೆದು ಮೊಗಸಾಲೆಯ ತಂತಿಗೆ ಹಾಕಿದೆ. ಹವೆಯಲ್ಲಿ ತೇವವಿತ್ತು. ಶನಿವಾರ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯಿಂದ ಫೋನು ಬಂತು. ಬಟ್ಟೆಯನ್ನು ಹತ್ತು ಗಂಟೆಯೊಳಗೆ ಒಪ್ಪಿಸಬೇಕೆಂದೂ ಹೇಳಿದರು.

ವ್ಲಾಸ್ತಾ ಇಸ್ತ್ರಿಪೆಟ್ಟಿಗೆ ಹಿಡಿದು ಬಂದಳು. ಉಡುಪನ್ನು ತಂತಿಯಿಂದ ಎತ್ತಿದವಳು ಅದನ್ನು ಮೂಗಿನ ಹತ್ತಿರ ಹಿಡಿದಳು.

"ಮೇಷ್ಟ್ರೇ, ಇದು ಆ ಕಡೆದು. ಲಿಬುಶೆ ಮನೆ ಮೊದಲು ಹೀಗೇ ಇರ್ತಿತ್ತು. ಆಮೇಲೆ ಯಾಕೋ ಇಲ್ಲದಂಗಾಯ್ತು. ಪಾಪ, ಮೂಗು ಹೋಗಿತ್ತಲ್ಲ, ಅವಳಿಗೆ ಗೊತ್ತಾಗ್ಲಿಲ್ಲ."

"ಅವಳ ಮೂಗಿಗೆ ಏನೂ ಆಗಿರ್ಲಿಲ್ಲ, ವ್ಲಾಸ್ತಾ. ಪುಡಿ ಬದಲಾಯಿಸಿದ್ದು ನಾನು. ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು."

ವ್ಲಾಸ್ತಾ ಉಡುಪನ್ನು ಮೇಜಿನ ಮೇಲೆ ಹಾಸಿ ಅಂಚು ಮುಟ್ಟಿ ನೋಡಿದಳು.

"ಇಲ್ಲಿ ಇನ್ನೂ ಒದ್ದೆ ಇದೆ. ಇಸ್ತ್ರಿ ಎಳೀತೀನಿ."

"ಬೇಡ" ಎಂದೆ. ಕಾವಿಗೆ ವಾಸನೆ ಹಾರಿಹೋಗುತ್ತದೆ ಎಂದು ಲಿಬುಶೆ ಹೇಳುತ್ತಿದ್ದಳು. ಆ ಮಾತನ್ನೂ ನಾನು ಎಂದೂ ಒಪ್ಪಿರಲಿಲ್ಲ. ಒದ್ದೆ ಅಂಚಿನ ಉಡುಪನ್ನು ಹಾಗೆಯೇ ಮಡಚಿ, ಬಿಳಿ ಚೀಲದಲ್ಲಿಟ್ಟು, ಹತ್ತಕ್ಕೆ ಮೊದಲೇ ಒಪ್ಪಿಸಿ ಬಂದೆ.